ಬೆಂಜಮಿನ್ ಟಾಲ್ಮಡ್ಜ್: ಚಾರಾಧ್ಯಕ್ಷನೂ ಸಭಾಸದನೂ

ಅರಸರಿಗೆ ಚಾರರೇ ಕಣ್ಣೆಂದು ನಮ್ಮ ದೇಶದ ನೀತಿಕಾರರು ಬಹುಕಾಲದ ಹಿಂದೆಯೇ ಹೇಳಿದ್ದಾರೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಯ ಕಟ್ಟಿನಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಕ್ಕಲಿಗನ ವೇಷದ ಚಾರ, ವರ್ತಕನ ವೇಷದ ಚಾರ, ತಾಪಸನ ವೇಷದ ಚಾರ ಎಂದು ಮುಂತಾಗಿ ಅವರ ವಿಂಗಡಣೆಯೇ ಇದೆ. ಮೂವರ ಮಾತು ಒಂದೇ ಆದರೆ ಅದನ್ನು ನಂಬಬಹುದೆಂಬ ನಿಯಮವೂ ಅಲ್ಲಿದೆ. ಗುಟ್ಟನ್ನು ಕಾಯುವುದು, ಎಲ್ಲರನ್ನೂ ಸಂದೇಹಿಸುವುದು, ಕೇಳಿದ್ದನ್ನು ಪರೀಕ್ಷಿಸದೆ ನಂಬದಿರುವುದು, ಇವು ಚಾರಕಾರ್ಯದ ಧರ್ಮಗಳು. ಶಾಸನಸಭೆಯ ಧರ್ಮವಾದರೋ ಬೇರೆ. ಅಲ್ಲಿ ತಿಳಿದದ್ದನ್ನು ಬಾಯಿಬಿಟ್ಟು ಹೇಳಬೇಕು, ಹೇಳಿದ್ದಕ್ಕೆ ಹೊಣೆಯಾಗಬೇಕು. ಮೊದಲನೆಯ ಧರ್ಮದಲ್ಲಿ ಪಳಗಿದವನು ಎರಡನೆಯದಕ್ಕೆ ಬಂದು ನಿಂತರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಮೆರಿಕ ದೇಶದ ಸ್ವಾತಂತ್ರ್ಯಯುದ್ಧದಲ್ಲಿ ಬೇಹಿನ ಸೂತ್ರವನ್ನು ಹಿಡಿದಿದ್ದು, ಆಮೇಲೆ ಹದಿನಾರು ವರ್ಷ ಅಲ್ಲಿನ ಪ್ರತಿನಿಧಿಸಭೆಯಲ್ಲಿ ಕುಳಿತಿದ್ದ ಬೆಂಜಮಿನ್ ಟಾಲ್ಮಡ್ಜ್ ಎಂಬವನ ಜೀವಿತವನ್ನು ನಾವು ಈಗ ನೋಡೋಣ.

ನ್ಯೂಯಾರ್ಕ್ ನಗರದ ಪೂರ್ವಕ್ಕೆ ಲಾಂಗ್ ಐಲೆಂಡ್ ಎಂಬ ನೀಳವಾದ ದ್ವೀಪವು ಚಾಚಿಕೊಂಡಿದೆ. ಅದರ ಉತ್ತರಕ್ಕೆ ಕಡಲಿನ ಒಂದು ತೋಳು. ಆಚೆಯ ದಡದಲ್ಲಿ ಕನೆಕ್ಟಿಕಟ್ ಸೀಮೆ. ದ್ವೀಪದ ಉತ್ತರತೀರದ ಸೆಟಾಕೆಟ್ ಗ್ರಾಮದಲ್ಲಿ ಒಬ್ಬ ಪಾದ್ರಿಯ ಮಗನಾಗಿ ಟಾಲ್ಮಡ್ಜನು ೧೭೫೪ನೆಯ ಇಸವಿ ಫೆಬ್ರವರಿಯಲ್ಲಿ ಹುಟ್ಟಿದನು. ಯೇಲ್ ವಿದ್ಯಾಶಾಲೆಯಲ್ಲಿ ಓದಿ ೧೭೭೩ರಲ್ಲಿ ಪದವಿಯನ್ನು ಪಡೆದು, ಕನೆಕ್ಟಿಕಟ್ಟಿನ ವೆದರ್ಸ್‌ಫೀಲ್ಡ್ ಎಂಬ ಊರಿನಲ್ಲಿ ಉಪಾಧ್ಯಾಯನಾದನು. ಯೇಲಿನಲ್ಲಿ ಈತನ ಸಹಪಾಠಿಯೂ ಆಪ್ತಮಿತ್ರನೂ ಆಗಿದ್ದವನು ನೇಥನ್ ಹೇಲ್. ಆತನೂ ಉಪಾಧ್ಯಾಯವೃತ್ತಿಯನ್ನೇ ಹಿಡಿದನು. ೧೭೭೫ರಲ್ಲಿ ಇಂಗ್ಲೆಂಡಿಗೂ ಅದರ ಅಮೆರಿಕದ ವಸಾಹತುಗಳಿಗೂ ಯುದ್ಧವು ಮೊದಲಾಗದಿದ್ದರೆ ಇಬ್ಬರೂ ಹುಡುಗರಿಗೆ ಪಾಠ ಹೇಳುತ್ತಲೇ ಮುದುಕರಾಗುತ್ತಿದ್ದರೋ ಏನೋ.

೧೭೭೬ನೆಯ ಇಸವಿಯಲ್ಲಿ ಟಾಲ್ಮಡ್ಜನು ಸೈನ್ಯವನ್ನು ಸೇರಿದನು. ಆ ವರ್ಷವು ಈತನಿಗೆ ಕೇಡಿನ ವರ್ಷವಾಗಿ ಪರಿಣಮಿಸಿತು. ಆಗಸ್ಟ್ ತಿಂಗಳಲ್ಲಿ ಲಾಂಗ್ ಐಲೆಂಡಿನ ಕಾಳಗದಲ್ಲಿ ವಾಷಿಂಗ್ಟನ್ನನ ಸೈನ್ಯವು ಸೋತು ಹಿಮ್ಮೆಟ್ಟಿತು. ಈತನ ಅಣ್ಣ ವಿಲಿಯಂ ಶತ್ರುಗಳ ಕೈಗೆ ಸಿಕ್ಕಿ ಸೆರೆಯಲ್ಲಿ ಅನ್ನವಿಲ್ಲದೆ ಸತ್ತನು. ಸೆಪ್ಟೆಂಬರಿನಲ್ಲಿ ಶತ್ರುವಿನ ನೆಲೆಗಳನ್ನು ನೋಡಿಕೊಂಡು ಬರಲು ಒಬ್ಬರು ಬೇಕಾದಾಗ ನೇಥನ್ ಹೇಲನು ತಾನಾಗಿ ಮುಂದೆ ಬಂದನು. ಉಪಾಧ್ಯಾಯನ ವೇಷದಿಂದಲೇ ದ್ವೀಪವನ್ನು ಹೊಕ್ಕನು. ಆತನ ಬಳಿ ಗುಪ್ತಲಿಪಿಯಿರಲಿಲ್ಲ, ಸಹಾಯಕರಿರಲಿಲ್ಲ, ಅಪಾಯದಲ್ಲಿ ಅಡಗಲು ಒಂದು ಮನೆಯೂ ಇರಲಿಲ್ಲ. ಬರೆದುಕೊಂಡಿದ್ದ ಕಾಗದಗಳ ಸಮೇತ ಸಿಕ್ಕಿಬಿದ್ದ ಆತನನ್ನು ಸೆಪ್ಟೆಂಬರ್ ೨೨ರಂದು ನ್ಯಾಯವಿಚಾರಣೆಯೂ ಇಲ್ಲದೆ ಆಂಗ್ಲರು ಗಲ್ಲಿಗೆ ಹಾಕಿದರು. ಆಗ ಆತನಿಗೆ ೨೧ ವರ್ಷ. ಆತನ ಸಮಾಧಿ ಎಲ್ಲಿದೆಯೆಂಬುದು ಇಂದಿಗೂ ಗೊತ್ತಿಲ್ಲ.

ನ್ಯೂಯಾರ್ಕ್ ನಗರವು ಅಂದಿನಿಂದ ೧೭೮೩ರವರೆಗೆ ಆಂಗ್ಲರ ದಂಡಿನ ಮುಖ್ಯಸ್ಥಾನವಾಗಿದ್ದಿತು. ಅಲ್ಲಿ ನಡೆಯುವುದನ್ನು ತಿಳಿಯದೆ ವಾಷಿಂಗ್ಟನ್ನನು ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಅಷ್ಟರಲ್ಲಿ ಲಘು ಅಶ್ವದಳದಲ್ಲಿ ಮೇಜರ್ ಆಗಿದ್ದ ಟಾಲ್ಮಡ್ಜನಿಗೆ ಆತನು ೧೭೭೮ರಲ್ಲಿ ಈ ಕಾರ್ಯವನ್ನು ಒಪ್ಪಿಸಿದನು. ಟಾಲ್ಮಡ್ಜನು ಹೊರಗಿನವರನ್ನು ಹುಡುಕಲಿಲ್ಲ. ತನ್ನ ಬಾಲ್ಯದ ಊರಿನ ಕಡೆಗೆ ತಿರುಗಿದನು. ಸೆಟಾಕೆಟ್ಟಿನಲ್ಲಿ ಬೇಸಾಯಮಾಡಿಕೊಂಡಿದ್ದ ಏಬ್ರಹಾಂ ವುಡ್‌ಹಲ್, ಅಲ್ಲಿಯೇ ಪ್ರವಾಸಿಗಳಿಗೆ ತಂಗುಮನೆಯನ್ನು ನಡೆಸುತ್ತಿದ್ದ ಆಸ್ಟಿನ್ ರೋ, ಕಡಲಿನ ತೋಳನ್ನು ಅಂಗೈಯಂತೆ ಬಲ್ಲ ಕೇಲೆಬ್ ಬ್ರೂಸ್ಟರ್, ಇವರು ಒಂದೇ ನೀರು ಕುಡಿದು ಬೆಳೆದವರು. ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ ವ್ಯಾಪಾರಮಾಡಿಕೊಂಡಿದ್ದ ರಾಬರ್ಟ್ ಟೌನ್‌ಸೆಂಡ್ ಎಂಬವನು ಇವರೊಡನೆ ಕೂಡಿದನು. ಕೌಟಿಲ್ಯನು ಹೇಳಿದ ಒಕ್ಕಲಿಗನೂ ವರ್ತಕನೂ ಇಲ್ಲಿ ಸಾಕ್ಷಾತ್ತಾಗಿ ಕಾಣಿಸಿಕೊಳ್ಳುತ್ತಾರೆ. ಇವರಿಗೆ ವೇಷವನ್ನು ಹಾಕಿಕೊಳ್ಳುವ ತೊಂದರೆಯೂ ಇರಲಿಲ್ಲವೆಂಬುದೊಂದೇ ವ್ಯತ್ಯಾಸ.

ಕೆಲಸ ನಡೆಯುತ್ತಿದ್ದ ಕ್ರಮ ಹೀಗೆ. ಟೌನ್‌ಸೆಂಡನು ನಗರದಲ್ಲಿ ದಂಡಿನ ಸಂಖ್ಯೆ, ಹಡಗುಗಳ ಬರುವಿಕೆ ಹೋಗುವಿಕೆ, ದಿನಸಿಯ ಸಂಗ್ರಹ ಮೊದಲಾದುವನ್ನು ಗಮನಿಸಿ ಬರೆಯುವನು. ರೋ ಎಂಬವನು ಅಂಗಡಿಯ ಸಾಮಾನನ್ನು ಕೊಳ್ಳುವ ನೆಪದಿಂದ ಸುಮಾರು ೫೫ ಮೈಲಿ ದೂರ ಕುದುರೆಯ ಮೇಲೆ ಹೋಗಿ ಆ ಕಾಗದವನ್ನು ಸೆಟಾಕೆಟ್ಟಿಗೆ ತರುವನು. ವುಡ್‌ಹಲ್ಲನು ಅದಕ್ಕೆ ತನ್ನ ಸಮಾಚಾರವನ್ನು ಸೇರಿಸುವನು. ಬ್ರೂಸ್ಟರನು ರಾತ್ರಿಯಲ್ಲಿ ದೋಣಿಯಿಂದ ಕಡಲನ್ನು ದಾಟಿಸುವನು. ಆಚೆಯ ದಡದಿಂದ ಟಾಲ್ಮಡ್ಜನ ಸವಾರರು ಅದನ್ನು ಸೇನಾಪತಿಗೆ ಮುಟ್ಟಿಸುವರು. ಕಾಗದಗಳಲ್ಲಿ ವುಡ್‌ಹಲ್ಲನಿಗೆ ಸ್ಯಾಮ್ಯುಯಲ್ ಕಲ್ಪರ್ ಎಂದು ಹೆಸರು, ಟೌನ್‌ಸೆಂಡನಿಗೆ ಕಿರಿಯ ಕಲ್ಪರ್ ಎಂದು ಹೆಸರು, ಟಾಲ್ಮಡ್ಜನಿಗೆ ಜಾನ್ ಬೋಲ್ಟನ್ ಎಂದು ಹೆಸರು. ಒಂದು ದ್ರವದಲ್ಲಿ ಬರೆದರೆ ಮಾಯವಾಗಿ, ಮತ್ತೊಂದನ್ನು ಸವರಿದರೆ ಮಾತ್ರ ಮೂಡುವ ಶಾಯಿಯೂ ಇವರಿಗಿದ್ದಿತು. ಅದನ್ನು ಸಿದ್ಧಪಡಿಸಿಕೊಟ್ಟವನು ಜೇಮ್ಸ್ ಜೇ ಎಂಬ ವೈದ್ಯ. ಬರಿಯ ಹಾಳೆಯು ಸಂದೇಹಕ್ಕೆ ಎಡೆಗೊಡುವುದರಿಂದ ಪಂಚಾಂಗದ ಖಾಲಿ ಪುಟಗಳಲ್ಲಿಯೋ ಮನೆವಾರ್ತೆಯ ಕಾಗದದ ಸಾಲುಗಳ ನಡುವೆಯೋ ಬರೆಯಬೇಕೆಂದು ವಾಷಿಂಗ್ಟನ್ನನೇ ಸೂಚಿಸಿದನು.

ಇಷ್ಟು ಜಾಣತನವು ಒಮ್ಮೆಗೇ ಬಂದುದಲ್ಲ. ೧೭೭೯ನೆಯ ಜುಲೈ ೨ರಂದು ಆಂಗ್ಲರ ಕುದುರೆಯ ದಂಡು ಪೌಂಡ್ ರಿಡ್ಜ್ ಎಂಬಲ್ಲಿ ಟಾಲ್ಮಡ್ಜನ ಪಾಳೆಯದ ಮೇಲೆ ಬಿದ್ದಿತು. ಗಡಿಬಿಡಿಯಲ್ಲಿ ಈತನ ಕುದುರೆಯೂ ಅದರ ಮೇಲಿದ್ದ ಕಾಗದಪತ್ರಗಳೂ ಶತ್ರುಗಳ ಪಾಲಾದುವು. ಮುಂಚೂಣಿಯ ಠಾಣ್ಯದಲ್ಲಿ ಮುಖ್ಯವಾದ ಕಾಗದಗಳನ್ನು ಇಟ್ಟುಕೊಳ್ಳುವುದು ಎಷ್ಟು ಅಪಾಯಕರವೆಂದು ವಾಷಿಂಗ್ಟನ್ನನು ಕೂಡಲೆ ಬರೆದು ಎಚ್ಚರಿಸಿದನು. ಆ ಬೇಸಗೆಯಲ್ಲಿಯೇ ಟಾಲ್ಮಡ್ಜನು ಒಂದು ಸಂಕೇತಕೋಶವನ್ನು ಕಟ್ಟಿದನು. ಬಳಕೆಯ ಮಾತುಗಳನ್ನು ಒಂದು ನಿಘಂಟಿನಿಂದ ಆರಿಸಿ ಒಂದೊಂದಕ್ಕೂ ಒಂದೊಂದು ಅಂಕಿಯನ್ನು ಕೊಟ್ಟನು. ಒಟ್ಟು ೭೬೩ ಅಂಕಿಗಳು. ಅವುಗಳಲ್ಲಿ ೭೧೧ ಎಂದರೆ ವಾಷಿಂಗ್ಟನ್, ೭೨೧ ಎಂದರೆ ತಾನೇ, ೭೨೭ ಎಂದರೆ ನ್ಯೂಯಾರ್ಕ್. ಮಿತ್ರನ ಮೈಮೇಲೆ ಸಿಕ್ಕಿದ ಕಾಗದಗಳೇ ಮಿತ್ರನನ್ನು ಕೊಂದುವೆಂಬುದನ್ನು ಈತನು ಮರೆತಿರಲಾರನೆಂದು ನಾವು ಭಾವಿಸುತ್ತೇವೆ.

೧೭೮೦ನೆಯ ಜುಲೈಯಲ್ಲಿ ಅಮೆರಿಕದ ಸಹಾಯಕ್ಕಾಗಿ ಫ್ರೆಂಚರ ದಂಡು ನ್ಯೂಪೋರ್ಟಿನಲ್ಲಿ ಇಳಿಯಿತು. ಅದು ಬಲಗೊಳ್ಳುವ ಮುಂಚೆಯೇ ಅದರ ಮೇಲೆ ಬೀಳಲು ಆಂಗ್ಲ ಸೇನಾಪತಿ ಕ್ಲಿಂಟನ್ನನು ಸೈನ್ಯವನ್ನು ಹಡಗಿಗೇರಿಸಿದನು. ಈ ಸುದ್ದಿಯು ಕಲ್ಪರ್ ಕಾಗದಗಳ ಮಾರ್ಗವಾಗಿ ಸಕಾಲದಲ್ಲಿ ಬಂದಿತು, ವಾಷಿಂಗ್ಟನ್ನನು ನ್ಯೂಯಾರ್ಕಿನ ಮೇಲೆಯೇ ಏರಿಬರುವಂತೆ ತೋರಿಸಿದನು, ಕ್ಲಿಂಟನ್ನನು ಹಿಂದಿರುಗಿದನು. ಆತನು ಹಿಂದಿರುಗಿದುದಕ್ಕೆ ಬೇರೆ ಕಾರಣಗಳೂ ಇದ್ದುವು. ಚಾರರ ಕೆಲಸದ ಬೆಲೆಯನ್ನು ತಕ್ಕಡಿಯಲ್ಲಿ ತೂಗಿ ಹೇಳುವುದು ಕಷ್ಟ. ತಪ್ಪಿಹೋದ ಕೇಡಿಗೆ ಲೆಕ್ಕವನ್ನು ಬರೆದಿಡುವವರು ಯಾರು?

ಈಗ ನಮ್ಮ ಕಥೆಯ ಮುಖ್ಯಭಾಗಕ್ಕೆ ಬರೋಣ. ಆ ವರ್ಷದ ಸೆಪ್ಟೆಂಬರ್ ೨೩ರಂದು ಟ್ಯಾರಿಟೌನ್ ಎಂಬ ಊರಿನ ಹತ್ತಿರ ದಾರಿಯಲ್ಲಿ ಜಾನ್ ಪಾಲ್ಡಿಂಗ್, ಐಸಾಕ್ ವ್ಯಾನ್ ವಾರ್ಟ್, ಡೇವಿಡ್ ವಿಲಿಯಮ್ಸ್ ಎಂಬ ಮೂವರು ತರುಣರು ಒಬ್ಬ ಸವಾರನನ್ನು ತಡೆದರು. ಎರಡು ದಂಡುಗಳ ನಡುವೆ ಯಾರ ಆಳ್ವಿಕೆಯೂ ನೆಲೆಗೊಳ್ಳದೆ ಬಿದ್ದಿದ್ದ ಪ್ರದೇಶವದು. ದೇಶಭಕ್ತಿಯ ಹೆಸರಿನಲ್ಲಿಯೂ ರಾಜಭಕ್ತಿಯ ಹೆಸರಿನಲ್ಲಿಯೂ ದನಕರುಗಳನ್ನು ಸುಲಿಯುವ ಗುಂಪುಗಳು ಅಲ್ಲಿ ಅಲೆಯುತ್ತಿದ್ದುವು. ಸವಾರನ ಬಳಿ ಜಾನ್ ಆಂಡರ್ಸನ್ ಎಂಬ ಹೆಸರಿನ ರಹದಾರಿಯಿದ್ದಿತು; ಅದಕ್ಕೆ ರುಜು ಹಾಕಿದ್ದವನು ವೆಸ್ಟ್ ಪಾಯಿಂಟ್ ಕೋಟೆಯ ಅಧಿಪತಿಯಾದ ಅಮೆರಿಕದ ಸೇನಾನಿ ಬೆನೆಡಿಕ್ಟ್ ಆರ್ನಾಲ್ಡ್. ಬೂಟುಗಳನ್ನು ತೆಗೆಸಿ ನೋಡಲು ಕಾಲುಚೀಲದೊಳಗೆ ಆ ಕೋಟೆಯ ರಹಸ್ಯಗಳನ್ನು ತಿಳಿಸುವ ಕಾಗದಗಳು ಸಿಕ್ಕಿದುವು. ತನ್ನನ್ನು ಬಿಟ್ಟರೆ ಬೇಕಾದಷ್ಟು ಹಣ ಕೊಡುವೆನೆಂದು ಸವಾರನು ಹೇಳಿದನು. ಮೂವರೂ ಒಪ್ಪದೆ ಆತನನ್ನು ಸಮೀಪದ ದಂಡಿನ ಠಾಣ್ಯಕ್ಕೆ ಒಪ್ಪಿಸಿದರು.

ಠಾಣ್ಯದ ಅಧಿಕಾರಿಯಾದ ಜೇಮ್ಸನ್ನನು ತನ್ನ ಮೇಲಧಿಕಾರಿಯ ಮೇಲೆ ಸಂಶಯಪಡದೆ ಸೆರೆಯಾಳನ್ನು ಆರ್ನಾಲ್ಡನ ಬಳಿಗೇ ಕಳುಹಿಸಿಬಿಟ್ಟನು. ಆ ರಾತ್ರಿ ಟಾಲ್ಮಡ್ಜನು ಗಸ್ತಿನಿಂದ ಹಿಂದಿರುಗಿ ಸಂಗತಿಯನ್ನು ಕೇಳಿ ಬೆಚ್ಚಿದನು. ಆಂಡರ್ಸನ್ ಎಂಬವನೊಬ್ಬನು ಬಂದರೆ ಬೆಂಗಾವಲು ಕೊಡಬೇಕೆಂದು ಕೆಲವು ದಿನಗಳ ಹಿಂದೆ ಆರ್ನಾಲ್ಡನು ಈತನಿಗೇ ಬರೆದಿದ್ದನು. ಈತನ ಒತ್ತಾಯದಿಂದ ಸೆರೆಯಾಳನ್ನು ಹಿಂದಕ್ಕೆ ಕರೆಸಿದರು. ಆದರೆ ಆರ್ನಾಲ್ಡನಿಗೆ ಹೋಗುತ್ತಿದ್ದ ಕಾಗದವನ್ನು ಜೇಮ್ಸನ್ನನು ತಡೆಯಗೊಡಲಿಲ್ಲ. ಅದನ್ನು ಓದಿದೊಡನೆ ಆರ್ನಾಲ್ಡನು ಆಂಗ್ಲರ ಹಡಗಿಗೆ ಓಡಿಹೋದನು. ಸೆರೆಯಾಳು ಅತ್ತಿಂದಿತ್ತ ತಿರುಗಾಡುವ ರೀತಿಯಿಂದಲೇ ಈತನು ಸಿಪಾಯಿಯೆಂದು ತಾನು ಊಹಿಸಿದೆನೆಂಬುದಾಗಿ ಟಾಲ್ಮಡ್ಜನು ಮುಂದೆ ಬರೆದಿದ್ದಾನೆ. ಊಹೆಯು ನಿಜವಾಗಿದ್ದಿತು. ಆತನು ಆಂಗ್ಲ ದಂಡಿನ ಮೇಜರ್ ಜಾನ್ ಆಂಡ್ರೆ; ಸೇನಾಪತಿ ಕ್ಲಿಂಟನ್ನನ ಬಲಗೈ.

ಆಂಡ್ರೆಯು ತರುಣನು, ರಸಿಕನು, ಚಿತ್ರವನ್ನು ಬಲ್ಲವನು, ಮಾತಿನಲ್ಲಿ ಮೃದು. ಕಾವಲಿದ್ದ ಟಾಲ್ಮಡ್ಜನ ಮನಸ್ಸು ಆತನಲ್ಲಿ ನೆಟ್ಟಿತು. ವಿಚಾರಣೆಗೆ ಹೋಗುವ ದಾರಿಯಲ್ಲಿ ಆಂಡ್ರೆಯು ತನ್ನ ಗತಿಯೇನೆಂದು ಕೇಳಿದನಂತೆ. ಟಾಲ್ಮಡ್ಜನು ಮೊದಲು ಉತ್ತರವನ್ನು ತಪ್ಪಿಸಲು ನೋಡಿ, ಕೊನೆಗೆ ತನ್ನ ಸಹಪಾಠಿ ನೇಥನ್ ಹೇಲನ ಕಥೆಯನ್ನು ಹೇಳಿದನು. ಅವನದೂ ನನ್ನದೂ ಒಂದೇ ಎಂದು ನೀವು ಎಣಿಸುವುದಿಲ್ಲವಷ್ಟೆ ಎಂದು ಆತನು ಕೇಳಲು, ಎರಡೂ ಒಂದೇ, ಗತಿಯೂ ಒಂದೇ ಆಗುವುದೆಂದು ಈತನು ತಿಳಿಸಿದನು. ಈ ಸಂಭಾಷಣೆಯು ಟಾಲ್ಮಡ್ಜನು ವೃದ್ಧಾಪ್ಯದಲ್ಲಿ ನೆನೆದು ಬರೆದುದರಿಂದ ನಮಗೆ ದೊರೆತಿದೆ. ಅಕ್ಟೋಬರ್ ೨ರಂದು ಟ್ಯಾಪ್ಪಾನಿನಲ್ಲಿ ಆಂಡ್ರೆಯನ್ನು ಗಲ್ಲಿಗೆ ಹಾಕಿದರು. ಟಾಲ್ಮಡ್ಜನು ವಧಸ್ಥಾನದವರೆಗೆ ಜತೆಯಲ್ಲಿ ನಡೆದು, ದುಃಖವನ್ನು ತಡೆಯಲಾರದೆ ಬೀಳ್ಕೊಂಡನು. ಮಿತ್ರನನ್ನು ಶತ್ರುಗಳು ಕೊಂದ ರೀತಿಯಲ್ಲಿಯೇ ತನ್ನ ಕಡೆಯವರು ಶತ್ರುವನ್ನು ಕೊಲ್ಲುವುದನ್ನು ನೋಡುವ ಪಾಡು ಈತನಿಗೆ ಒದಗಿತು. ಸಿಕ್ಕಿಸಿಕೊಟ್ಟ ಮೂವರಿಗೆ ಕಾಂಗ್ರೆಸ್ ಸಭೆಯು ನವೆಂಬರಿನಲ್ಲಿ ಬೆಳ್ಳಿಯ ಪದಕವನ್ನೂ ಜೀವಾವಧಿ ೨೦೦ ಡಾಲರುಗಳ ವರ್ಷಾಶನವನ್ನೂ ಗೊತ್ತುಮಾಡಿತು.

೧೭೮೩ರಲ್ಲಿ ಯುದ್ಧವು ಮುಗಿಯಿತು. ಆಂಗ್ಲರು ನ್ಯೂಯಾರ್ಕನ್ನು ಬಿಡುವ ಮುಂಚೆಯೇ ಟಾಲ್ಮಡ್ಜನು ವಾಷಿಂಗ್ಟನ್ನನ ಅನುಮತಿಯಿಂದ ನಗರವನ್ನು ಹೊಕ್ಕನು. ಶತ್ರುಪಕ್ಷದವರೆಂದು ನೆರೆಹೊರೆಯವರು ಎಣಿಸಿದ್ದ ತನ್ನ ಚಾರರಿಗೆ ಜಯದ ಗದ್ದಲದಲ್ಲಿ ಅಪಾಯವಾಗಬಾರದೆಂಬುದೇ ಉದ್ದೇಶ. ಸ್ವಂತ ಜನರಿಂದ ದ್ರೋಹಿಯೆನ್ನಿಸಿಕೊಳ್ಳುವುದು ಚಾರನಿಗೆ ಶತ್ರುವಿನ ಹಗ್ಗಕ್ಕಿಂತ ಕಡಿಮೆಯ ಶಿಕ್ಷೆಯಲ್ಲ. ಅದನ್ನು ಬಲ್ಲ ಅಧಿಕಾರಿ ಈತನು. ಡಿಸೆಂಬರ್ ೪ರಂದು ಫ್ರಾನ್ಸಸ್ ಎಂಬವನ ತಂಗುಮನೆಯಲ್ಲಿ ವಾಷಿಂಗ್ಟನ್ನನು ತನ್ನ ಅಧಿಕಾರಿಗಳನ್ನು ಕಣ್ಣೀರಿನಿಂದ ಬೀಳ್ಕೊಟ್ಟ ದೃಶ್ಯವನ್ನು ಕಣ್ಣಾರೆ ಕಂಡು ಬರೆದಿಟ್ಟವನೂ ಈತನೇ.

ಆಮೇಲೆ ಟಾಲ್ಮಡ್ಜನು ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲೊಬ್ಬನಾದ ವಿಲಿಯಂ ಫ್ಲಾಯ್ಡನ ಮಗಳನ್ನು ಮದುವೆಯಾಗಿ, ಕನೆಕ್ಟಿಕಟ್ಟಿನ ಲಿಚ್‌ಫೀಲ್ಡಿನಲ್ಲಿ ನೆಲಸಿ ವ್ಯಾಪಾರದಲ್ಲಿ ಏಳಿಗೆಯನ್ನು ಹೊಂದಿದನು. ೧೮೦೧ರಲ್ಲಿ ಫೆಡರಲಿಸ್ಟ್ ಪಕ್ಷದ ಕಡೆಯಿಂದ ಪ್ರತಿನಿಧಿಸಭೆಗೆ ಬಂದು ೧೮೧೭ರವರೆಗೆ ಎಡೆಬಿಡದೆ ಸದಸ್ಯನಾಗಿದ್ದನು. ೧೮೧೨ರಲ್ಲಿ ಇಂಗ್ಲೆಂಡಿನ ಮೇಲೆ ಮತ್ತೆ ಯುದ್ಧವನ್ನು ಹೂಡಬೇಕೆಂಬ ಮಾತು ಬಂದಾಗ ಅದನ್ನು ವಿರೋಧಿಸಿದವರಲ್ಲಿ ಹಿಂದೆ ಅದೇ ಇಂಗ್ಲೆಂಡಿನ ಮೇಲೆ ಏಳು ವರ್ಷ ಕಾದಾಡಿದ ಈ ವೀರನೂ ಒಬ್ಬನು.

ಸಭೆಯಲ್ಲಿ ಈತನ ಅವಧಿಯು ಮುಗಿಯುತ್ತ ಬಂದಿದ್ದ ೧೮೧೭ನೆಯ ಜನವರಿಯಲ್ಲಿ ಜಾನ್ ಪಾಲ್ಡಿಂಗನು ತನ್ನ ವರ್ಷಾಶನವನ್ನು ಹೆಚ್ಚಿಸಬೇಕೆಂದು ಅರ್ಜಿ ಮಾಡಿಕೊಂಡನು. ಆಂಡ್ರೆಯನ್ನು ಹಿಡಿದ ಬಡ ರೈತರ ಕೀರ್ತಿಯು ಅಷ್ಟರಲ್ಲಿ ಮನೆಮಾತಾಗಿದ್ದಿತು. ಸಭೆಯು ಕನಿಕರಗೊಳ್ಳುವುದೆಂದು ಯಾರಾದರೂ ನಿರೀಕ್ಷಿಸಬಹುದಾಗಿದ್ದಿತು. ಆಗ ಟಾಲ್ಮಡ್ಜನು ಎದ್ದುನಿಂತು, ಆ ಮೂವರು ದೇಶಭಕ್ತರಲ್ಲ, ಎರಡು ದಂಡುಗಳ ನಡುವೆ ಸುಲಿಗೆಮಾಡುತ್ತಿದ್ದ ತಂಡದವರು; ಬೂಟುಗಳನ್ನು ತೆಗೆಸಿದುದು ಹಣವನ್ನು ಹುಡುಕಲು; ಕೈಯಲ್ಲಿ ಹಣವಿದ್ದಿದ್ದರೆ ಆಂಡ್ರೆಯನ್ನು ಬಿಟ್ಟುಬಿಡುತ್ತಿದ್ದರು ಎಂದು ಹೇಳಿದನು. ಇದಕ್ಕೆ ಆಧಾರವು ಸೆರೆಯಲ್ಲಿ ಆಂಡ್ರೆಯು ತನಗೆ ಹೇಳಿದ ಮಾತು. ಅರ್ಜಿಯು ನಿರಾಕೃತವಾಯಿತು.

ದೇಶದಲ್ಲಿ ಕೋಲಾಹಲವೆದ್ದಿತು. ಪಾಲ್ಡಿಂಗನೂ ವ್ಯಾನ್ ವಾರ್ಟನೂ ಪ್ರಮಾಣಮಾಡಿ ಹೇಳಿಕೆಗಳನ್ನು ಪ್ರಕಟಿಸಿದರು. ನ್ಯಾಯಾಧಿಪತಿಯಾಗಿದ್ದ ಎಗ್ಬರ್ಟ್ ಬೆನ್ಸನ್ ಎಂಬವನು ಆ ಮೂವರ ಪಕ್ಷವಹಿಸಿ ಅದೇ ವರ್ಷ ಒಂದು ಪುಸ್ತಕವನ್ನೇ ಬರೆದನು. ಪಾಲ್ಡಿಂಗನು ಮರುವರ್ಷ ಸತ್ತನು.

ಈ ವ್ಯಾಜ್ಯದಲ್ಲಿ ನಾವು ಏನನ್ನು ಹೇಳೋಣ? ಟಾಲ್ಮಡ್ಜನು ಸುಳ್ಳಾಡಿದನೆಂದು ನಾವು ನಂಬುವುದಿಲ್ಲ. ಆ ಪ್ರದೇಶದ ಸುಲಿಗೆಕೋರರನ್ನು ಈತನು ಕಣ್ಣಿನಿಂದ ಕಂಡಿದ್ದನು. ಆಂಡ್ರೆಯ ಮಾತನ್ನು ಕಿವಿಯಿಂದ ಕೇಳಿದ್ದನು. ಆದರೆ ಆಂಡ್ರೆಯು ಎಂತಹ ಸಾಕ್ಷಿ? ದಾರಿಹೋಕರಾದ ರೈತರ ಕೈಗೆ ಸಿಕ್ಕಿ ಕೆಟ್ಟ ಒಬ್ಬ ಗಣ್ಯ ಅಧಿಕಾರಿಗೆ, ತನ್ನನ್ನು ಹಿಡಿದವರು ಕಳ್ಳರೆಂದು ತೋರುವುದು ಸಹಜವೇ. ಹಣದ ಆಸೆಯನ್ನು ತೋರಿಸಿದರೂ ಅವರು ಬಿಡಲಿಲ್ಲವೆಂಬುದಂತೂ ನಡೆದ ಸಂಗತಿ, ಬಿಡುತ್ತಿದ್ದರೆಂಬುದು ಊಹೆ. ಸುದ್ದಿಯನ್ನು ನಗರದಿಂದೊಮ್ಮೆ, ಹಳ್ಳಿಯಿಂದೊಮ್ಮೆ ತರಿಸಿಕೊಳ್ಳುತ್ತಿದ್ದ ಚಾರಾಧ್ಯಕ್ಷನು ಒಬ್ಬನೇ ಒಬ್ಬನ, ಅದೂ ಮೂವತ್ತಾರು ವರ್ಷಗಳ ಹಿಂದೆ ಗಲ್ಲಿಗೇರಿದವನ ಮಾತಿನ ಮೇಲೆ ಬದುಕಿದ್ದ ಮೂವರ ಮಾನವನ್ನು ಕಳೆದನು. ತನ್ನ ಹಳೆಯ ವಿದ್ಯೆಯ ಮೊದಲ ನಿಯಮವನ್ನು ಈತನು ಸಭೆಯ ಬಾಗಿಲಲ್ಲಿ ಬಿಟ್ಟುಬಂದಂತಾಯಿತು. ತಾನು ಮೆಚ್ಚಿ ಮರುಗಿದ ಶತ್ರುವಿನ ನೆನಪು ವಿವೇಕವನ್ನು ಮುಸುಕಿತೆಂದು ನಮಗೆ ತೋರುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಮೂವರ ವಿಷಯದಲ್ಲಿ ಬಾಯಿಬಿಟ್ಟವನು ತನ್ನ ಚಾರರ ವಿಷಯದಲ್ಲಿ ಕೊನೆಯವರೆಗೆ ಬಾಯಿಬಿಡಲಿಲ್ಲ. ಮಕ್ಕಳ ಕೋರಿಕೆಯಂತೆ ಈತನು ಬರೆದ ಆತ್ಮವೃತ್ತಾಂತವು ೧೮೫೮ರಲ್ಲಿ ಅಚ್ಚಾಯಿತು. ಅದರಲ್ಲಿ ಬೇಹಿನ ಪ್ರಸ್ತಾಪಕ್ಕೆ ಸಿಕ್ಕಿರುವುದು ಕೆಲವೇ ಸಾಲುಗಳು. ನ್ಯೂಯಾರ್ಕಿನ ಕೆಲವರೊಡನೆ ಗುಪ್ತವಾಗಿ ಪತ್ರವ್ಯವಹಾರವನ್ನು ಇಟ್ಟುಕೊಂಡಿದ್ದೆನೆಂದಷ್ಟೇ ಇದೆ, ಒಂದು ಹೆಸರೂ ಇಲ್ಲ. ಈತನು ೧೮೩೫ನೆಯ ಮಾರ್ಚ್ ೭ರಂದು ತೀರಿಕೊಂಡನು. ಮೂರು ವರ್ಷಗಳ ಮೇಲೆ ಟೌನ್‌ಸೆಂಡನೂ ಯಾರಿಗೂ ಏನನ್ನೂ ಹೇಳದೆ ಸತ್ತನು. ಕಿರಿಯ ಕಲ್ಪರನು ಯಾರೆಂಬುದು ಲೋಕಕ್ಕೆ ತಿಳಿದುದು ೧೯೩೦ರ ಸುಮಾರಿನಲ್ಲಿ, ಮಾರ್ಟನ್ ಪೆನ್ನಿಪ್ಯಾಕರ್ ಎಂಬ ಸ್ಥಳೀಯ ಇತಿಹಾಸಕಾರನು ಹಳೆಯ ಕಾಗದಗಳ ಕೈಬರಹವನ್ನು ಹೋಲಿಸಿ ನೋಡಿಸಿದ ಮೇಲೆ. ಸಭೆಯಲ್ಲಿ ಕೀರ್ತಿಯನ್ನು ಸಂಪಾದಿಸುವುದಕ್ಕಾಗಿ ತನ್ನ ಹಳೆಯ ಗುಟ್ಟುಗಳಲ್ಲಿ ಒಂದನ್ನಾದರೂ ಈತನು ಮಾರಿಕೊಳ್ಳಲಿಲ್ಲ. ಇದು ಸಾಮಾನ್ಯವಾದ ಸಂಯಮವಲ್ಲ.

ಹಾಗಾದರೆ ಚಾರಕಾರ್ಯದಲ್ಲಿದ್ದವರು ಶಾಸನಸಭೆಗೆ ಬರಬಾರದೇ? ನಾವು ಹಾಗೆ ಹೇಳಲಾರೆವು. ಚಾರನು ಕತ್ತಲೆಯಲ್ಲಿ ಒಬ್ಬನ ಮೇಲೆ ಒಂದು ಮಾತನ್ನು ಹೇಳಿದರೆ ಆ ಬಡಪಾಯಿಗೆ ಉತ್ತರಕೊಡುವ ದಾರಿಯೇ ಇಲ್ಲ. ಪಾಲ್ಡಿಂಗನಿಗೆ ಆ ದಾರಿಯಿದ್ದಿತು. ಆಪಾದನೆಯು ಬಯಲಿನಲ್ಲಿ ಬಂದುದರಿಂದಲೇ ಅದಕ್ಕೆ ಪ್ರಮಾಣಪತ್ರವೂ ಪುಸ್ತಕವೂ ಎದುರುನಿಂತುವು. ಉಭಯರ ವಾದವನ್ನೂ ಓದಿ ತೂಗುವ ಅವಕಾಶವು ಇಂದು ನಮಗೂ ಒದಗಿದೆ. ಬಯಲಿನ ಸಭೆಯ ಹಿರಿಮೆಯು ಅಲ್ಲಿ ತಪ್ಪು ನುಡಿಯದಿರುವುದರಲ್ಲಿಲ್ಲ, ನುಡಿದ ತಪ್ಪಿಗೆ ಮರುಮಾತನ್ನು ಹೇಳಲು ಎಡೆಯಿರುವುದರಲ್ಲಿದೆ.

ಆಂಡ್ರೆಯ ಅಸ್ಥಿಗಳನ್ನು ಆಂಗ್ಲರು ೧೮೨೧ರಲ್ಲಿ ತೆಗೆದುಕೊಂಡುಹೋಗಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇರಿಸಿದರು. ಅಮೆರಿಕದ ಓಹಿಯೋ ಸಂಸ್ಥಾನದಲ್ಲಿ ಅದಕ್ಕೆ ಒಂದು ವರ್ಷ ಮುಂಚೆ, ೧೮೨೦ರಲ್ಲಿ, ಮೂರು ಜಿಲ್ಲೆಗಳಿಗೆ ಪಾಲ್ಡಿಂಗ್, ವ್ಯಾನ್ ವಾರ್ಟ್, ವಿಲಿಯಮ್ಸ್ ಇವರ ಹೆಸರುಗಳನ್ನು ಇಟ್ಟರು. ಅದೇ ಸಂಸ್ಥಾನದಲ್ಲಿ ಟಾಲ್ಮಡ್ಜನ ಹೆಸರಿನ ಊರೂ ಒಂದಿದೆ. ಸಭೆಯಲ್ಲಿ ಒಂದೇ ಪಂಕ್ತಿಯಲ್ಲಿ ನಿಲ್ಲಲಾರದೆ ಹೋದವರ ಹೆಸರುಗಳು ಆ ಸಂಸ್ಥಾನದ ನಕ್ಷೆಯಲ್ಲಿ ಇಂದಿಗೂ ಜತೆಯಾಗಿವೆ.